ಸಳಿ ಮ್ಯಾಲೆ ಯಾಕ?

 

ಬಿ.ಎ. ಓದುವ ಹುಡುಗ ಕಟ್ಟಡದ ಬಗ್ಗೆ ಏನು ಹೇಳ್ತಾನ ಅಂತ ನಗಬ್ಯಾಡ್ರಿ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯಿಂದ ಡ್ಯಾಮು, ಕಾಲುವೆ ಕಟ್ಟಲಿಕ್ಕೆ ಊರೂರಿಗೆ ಹೋಗಿ 'ಪಾಲಮೂರು ಕೂಲಿ' ಅಂತ ಹೆಸರಾದವರು ನಮ್ಮವರು. ನಮ್ಮಪ್ಪನೂ ಸಳಿ ಕಟ್ಟಿದವನೇ. ಆದರೆ ನಕಾಶೆ ಒಂದು ದಿನವೂ ಅವನ ಕೈಗೆ ಬಂದಿದ್ದಿಲ್ಲ.

ಒಂದು ಸಲ ಅವನು ಕೆಲಸ ಮಾಡಿದ ಮನೆಯ ಸಜ್ಜಾ ಸೆಂಟ್ರಿಂಗ್ ಬಿಚ್ಚಿದ ದಿನವೇ ಬಿತ್ತು. ಕೆಳಗಿದ್ದ ಕಾಕಾನ ಕಾಲು ಮುರೀತು. ತಪ್ಪೆಲ್ಲ ಕೂಲಿಯವರ ಮ್ಯಾಲೆ ಬಂತು. ಅಪ್ಪ ಆಗಾಗ ಕೇಳ್ತಿದ್ದ: "ಸಳಿ ಎಣಿಸಿಯೇ ಹಾಕಿದ್ವಲ್ಲ?"

ಉತ್ತರ ನನಗೆ ಸಿಕ್ಕಿದ್ದು ಕಳೆದ ವರ್ಷ. ಪಾಲಿಟೆಕ್ನಿಕ್ ಓದುವ ಗೆಳೆಯ ಕಂಪ್ಯೂಟರಿನಲ್ಲಿ ಸ್ಟಾಡ್ ಪ್ರೊ ಎಂಬ ಸಾಫ್ಟ್‌ವೇರ್ ತೆಗೆದು, ಎರಡು ಕಂಬ, ಅದರ ಮೇಲೊಂದು ತೊಲೆ ಎಳೆದ. ಭಾರ ಹಾಕಿದ. ಕಣ್ಣ ಮುಂದೆಯೇ ತೊಲೆ ನಡುವೆ ಹೊಟ್ಟೆ ಬಿಟ್ಟಿತು! (ಇರೋದಕ್ಕಿಂತ ಹೆಚ್ಚು ಮಾಡಿ ತೋರಿಸ್ತದ, ಗಾಬರಿ ಬ್ಯಾಡ.) ಅಲ್ಲಿ ಜಗ್ಗುವುದು ಕೆಳಭಾಗ. ಕಾಂಕ್ರೀಟ್ ಒತ್ತಿದರೆ ತಡೀತದ, ಜಗ್ಗಿದರೆ ಸೀಳ್ತದ. ಅದಕ್ಕೇ ಸಳಿ ಕೆಳಗ ಬೇಕು. ಆಮೇಲೆ ಒಂದು ತುದಿಯನ್ನು ಬಿಗಿದು, ಇನ್ನೊಂದರ ಕಂಬ ಅಳಿಸಿಬಿಟ್ಟ. ಈಗ ತೊಲೆ ಸಜ್ಜಾದಂಗ ಆಯ್ತು. ತುದಿ ಕೆಳಗ ಬಾಗಿತು, ಜಗ್ಗುವುದು ಮ್ಯಾಲಿನ ಭಾಗ ಆಯ್ತು.

ಅಂದರೆ ಸಜ್ಜಾದ ಮುಖ್ಯ ಸಳಿ ಮ್ಯಾಲೆ ಇರಬೇಕು. ಕಾಂಕ್ರೀಟ್ ಬುಟ್ಟಿ ಹೊತ್ತವರು ತುಳಿದರೆ ಅದು ಕೆಳಗ ಕೂತುಬಿಡ್ತದ. ಎಣಿಕೆ ಸರಿ, ಜಾಗ ತಪ್ಪು. ಅಂದು ಹೀಗೇ ಆಗಿರಬೇಕು. ಅಪ್ಪನನ್ನು ಕರೆದು ಅದೇ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದ. "ಇದನ್ನ ಅವತ್ತೇ ಯಾರಾರ ಹೇಳಿದ್ರ ಹಲಗಿ ಹಾಕಿ ನಡೀತಿದ್ವಿ" ಅಂದ.

ಈ ವಿದ್ಯೆ ಹೊಸದೇನಲ್ಲ. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ 'ಸ್ಕೆಚ್‌ಪ್ಯಾಡ್' ಮಾಡಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಸೇತುವೆ ಎಳೆದು ಭಾರ ಹಾಕಿದರೆ, ಒಂದೊಂದು ಸಲಾಕೆಯಲ್ಲಿ ಎಷ್ಟು ಬಲ ಅಂತ ಅಂಕಿ ಮೂಡುತ್ತಿತ್ತು. ನಾವು ಕೇಳೋದು, ಅದು ಕೂಡಲೇ ತೋರಿಸೋದು. ಅರವತ್ತು ವರ್ಷ ಆದರೂ ಆ ಚಿತ್ರ ಆಫೀಸಿನಲ್ಲೇ ಉಳಿದದ, ಸೆಂಟ್ರಿಂಗ್ ಮ್ಯಾಲೆ ನಿಂತವರತ್ತ ಬಂದಿಲ್ಲ. ಇತ್ತ ಸೈಟಿನಲ್ಲಿ ಸಳಿ ಕೂತರೆ, ಸಿಮೆಂಟು ಕಡಿಮೆ ಬಿದ್ದರೆ, ಕಂಪ್ಯೂಟರಿಗೂ ಗೊತ್ತಾಗೋದಿಲ್ಲ. ಅದು ಗೊತ್ತಾಗೋದು ನಮ್ಮವರಿಗೇ.

ನಮ್ಮ ಓಣಿಯಲ್ಲೂ ಈಗ ಸ್ಲ್ಯಾಬು ಹಾಕುವ ಕೆಲಸ ನಡೆದಾವು. ಲೆಕ್ಕ ಇಂಜಿನಿಯರರದೇ ಇರಲಿ, ಅವರನ್ನೇ ಕೇಳ್ರಿ. ಆದರೆ ಸಜ್ಜಾ ಹಾಕುವ ಹಿಂದಿನ ದಿನ ನಮಗೂ ಒಂದು ಮಾತು ಹೇಳ್ರಿ. ಗೆಳೆಯ ಲ್ಯಾಪ್‌ಟಾಪ್ ತರ್ತಾನ. ಮ್ಯಾಲಿನ ಸಳಿ ಕೂಡದಂಗ ಕೆಳಗಿಡುವ ಚೇರು ಹೆಂಗ ಬಗ್ಗಿಸಬೇಕು ಅಂತ ಅಪ್ಪ ತೋರಿಸ್ತಾನ.