ಸೀದ ಪಾತ್ರೆ ಮತ್ತು ಒಂದು ಚೆಂಬು ನೀರು

(ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ವಿಜಯಪುರದಲ್ಲಿ 600ರ ಆಸುಪಾಸು. ದ್ರಾಕ್ಷಿ ತೋಟಗಳನ್ನು ನೋಡಲೆಂದು ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋಗಿದ್ದ ನಾನು ಅಲ್ಲಿಂದ ಕಲಿತು ಬಂದುದು ಪಾತ್ರೆ ತೊಳೆಯುವುದನ್ನು. ನಗಬೇಡಿ.

ತಿಕೋಟಾದ ಮನೆಯೊಂದರ ಹಿತ್ತಿಲಲ್ಲಿ ತಳ ಹಿಡಿದ ನುಚ್ಚಿನ ಪಾತ್ರೆಯಿತ್ತು. ಉಪಕಾರದ ಉತ್ಸಾಹದಲ್ಲಿ ನಾನು ಕೊಡವೆತ್ತಿ ನೀರು ಸುರಿಯಹೊರಟೆ. ‘ತಡೀರಿ ಸರ, ಚೊಲೋ ನೀರು ಕಡೀಕ’ ಎಂದು ಆ ಮನೆಯ ಅಜ್ಜಿ ತಡೆದರು. ಬೇಳೆ ತೊಳೆದಿಟ್ಟಿದ್ದ ನೀರನ್ನು ಪಾತ್ರೆಗೆ ಹಾಕಿ, ಮಧ್ಯಾಹ್ನದವರೆಗೆ ನೆನೆಯಬಿಟ್ಟರು. ನೆನೆದ ಪಿಷ್ಟ ಉಬ್ಬಿ ಸಡಿಲಗೊಂಡಿತು. ಅದನ್ನು ಮುರಿದ ಮರದ ಸೌಟಿನ ಅಂಚಿನಿಂದ ಕೆರೆದು, ತೆಂಗಿನ ನಾರಿಗೆ ಒಲೆಯ ಬೂದಿ ಹಚ್ಚಿ ತಿಕ್ಕಿದರು. ಕೊನೆಗೆ ಒಂದೇ ಚೆಂಬು ನೀರು. ಅದೂ ಕರಿಬೇವಿನ ಬುಡಕ್ಕೆ ಹೋಯಿತು.

ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇರುತ್ತದೆ. ನೀರು ತಾಗಿದೊಡನೆ ಅದು ಕ್ಷಾರವಾಗಿ, ಜಿಡ್ಡಿನೊಡನೆ ಕೂಡಿ ಕೊಂಚ ಸಾಬೂನಾಗುತ್ತದೆ. ಆ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ಅಂಗಡಿಯ ಸಾಬೂನು ಅದರಲ್ಲಿ ನೊರೆಗಟ್ಟದೆ ಗಸಿಯಾಗುತ್ತದೆ. ಗಡಸು ನೀರು ಪಾತ್ರೆಯೊಳಗೆ ಬಿಡುವ ಬಿಳಿಯ ಪೊರೆಗೆ ರಸ ಹಿಂಡಿದ ನಿಂಬೆಯ ಹೋಳು ಸಾಕು. ಇಂಡಿಯ ನಿಂಬೆಗೆ ಹೆಸರಾದ ಜಿಲ್ಲೆಯಲ್ಲಿ ಅದಕ್ಕೇನೂ ಬರವಿಲ್ಲ. ಹಿತ್ತಾಳೆಗೆ, ಸಾರಿಗೆ ಹಿಂಡಿ ಉಳಿದ ಹುಣಸೆಯ ನಾರು.

ಆದರೆ ಬೂದಿ, ನಿಂಬೆ ಎರಡನ್ನೂ ಒಟ್ಟಿಗೆ ಹಾಕಬಾರದು. ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಳ್ಳುತ್ತವೆ. ಬುರುಗು ಕಂಡು ನಾವು ಮೋಸಹೋಗುತ್ತೇವೆ. ಅಲ್ಯೂಮಿನಿಯಂ ಪಾತ್ರೆಗೆ ಬೂದಿಯಾಗಲಿ ಸೋಡಾ ಆಗಲಿ ಸಲ್ಲದು, ಲೋಹವೇ ಸವೆಯುತ್ತದೆ. ಅದಕ್ಕೆ ನಿಂಬೆ ಸಿಪ್ಪೆ ಹಾಕಿ ನೀರು ಕುದಿಸಿರಿ. ರೊಟ್ಟಿಯ ಕಬ್ಬಿಣದ ಹಂಚಿಗೆ ಹುಳಿ ಬೇಡ. ತೊಳೆದು, ಒಣಗಿಸಿ, ಎಣ್ಣೆ ಸವರಿದರಾಯಿತು. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿಯನ್ನಂತೂ ಮುಟ್ಟಲೇಬೇಡಿ.

ಕರಿಬೇವಿನ ವಿಷಯದಲ್ಲಿ ಮಾತ್ರ ಅಜ್ಜಿಯೊಡನೆ ನಾನು ವಾದಿಸಿದೆ. ಅಲ್ಲಿಯ ಕರಿಮಣ್ಣು ಮೊದಲೇ ಕ್ಷಾರಗುಣದ್ದು, ಬೂದಿನೀರನ್ನು ದಿನವೂ ಒಂದೇ ಗಿಡಕ್ಕೆ ಸುರಿಯುವುದು ಒಳ್ಳೆಯದಲ್ಲ. ನಮ್ಮ ಮಲೆನಾಡಿನ ಹುಳಿಮಣ್ಣಿಗೆ ಅದು ಹಿತ. ‘ಹಂಗಾರ ನಿಮ್ಮೂರಿಗೇ ಒಯ್ಯಿರಿ’ ಎಂದರು ಅಜ್ಜಿ.

ಒಯ್ದೇ ಬಂದೆ. ಅಲ್ಲಿಯವರೆಗೆ ನನ್ನ ಮನೆಯಲ್ಲಿ ಪಾತ್ರೆಯ ಮೇಲೆ ನಲ್ಲಿ ಬಿಟ್ಟು, ಪ್ಲಾಸ್ಟಿಕ್ ಎಳೆಗಳು ಉದುರುವ ಉಜ್ಜುಗದಿಂದ ತಿಕ್ಕುತ್ತಿದ್ದೆವು. ಆ ನೊರೆನೀರು ಹಳ್ಳ ಸೇರುತ್ತಿತ್ತು. ಕೆಳಗಿನ ಕೇರಿಯವರು ಅದೇ ಹಳ್ಳದಲ್ಲಿ ದನಗಳಿಗೆ ನೀರು ಕುಡಿಸುತ್ತಾರೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಮಣ್ಣುವಿಜ್ಞಾನ ಓದಿದವನು ಹೀಗೆ ನಡೆದುಕೊಂಡೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಈಗ ನಮ್ಮ ಬಚ್ಚಲ ನೀರು ಬಾಳೆಯ ಪಾತಿಗೆ ತಿರುಗಿದೆ. ಉಜ್ಜಲು ಒಣಗಿದ ತುಪ್ಪದ ಹೀರೆಯ ನಾರು.

ಇಂದಿನ ಉಪ್ಪಿಟ್ಟು ತಳ ಹಿಡಿದಿದೆಯೆಂದು ಅಡಿಗೆಮನೆಯಿಂದ ಸುದ್ದಿ ಬಂದಿದೆ. ಪಾತ್ರೆ ಸ್ಟೀಲಿನದು, ಬೂದಿ ಇಲ್ಲಿದೆ. ವಿದ್ಯಾರ್ಥಿಗಳಲ್ಲಿ ಇಬ್ಬರು ಮುಂದೆ ಬನ್ನಿ. ನೀರು ಒಂದೇ ಚೆಂಬು.