ಹೊಳೆಯ ತವರು ಕಾಡು



ನೃಸಿಂಹವಾಡಿಯಲ್ಲಿ ಹೊಳೆಯ ನೀರು ದತ್ತಪಾದುಕೆಗಳನ್ನು ತೊಳೆದು ದಕ್ಷಿಣದ್ವಾರದಿಂದ ಹರಿದು ಬರುವಾಗ ಅದರಲ್ಲಿ ಮಿಂದು ಧನ್ಯರಾದೆವೆಂದು ತಿಳಿದು ಬೆಳೆದವರು ನಾವು. 2005, 2019, 2021ರ ಮಹಾಪೂರಗಳು ಆ ಭಾವನೆಯೊಳಗೆ ಭಯವನ್ನು ಬೆರೆಸಿದವು. ಶಿರೋಳ ತಾಲೂಕಿನ ಊರುಗಳು ನಡುಗಡ್ಡೆಗಳಾದವು; ನಿಂತ ಕಬ್ಬು ನೀರಿನಲ್ಲೇ ಕೊಳೆಯಿತು.

ಅಂದಿನಿಂದ ನಾವು ಅಣೆಕಟ್ಟೆಗಳ ಬಾಗಿಲುಗಳ ಕುರಿತು ಬಹಳ ಮಾತನಾಡಿದ್ದೇವೆ. ನೀರು ಇಳಿದು ಬರುವ ಸಹ್ಯಾದ್ರಿಯ ಕಾಡಿನ ಕುರಿತು ಕಡಿಮೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿಗಳು ಕೂಡಿಯೇ ನಮ್ಮ ಪಂಚಗಂಗೆ. ಈ ಊರಿಗೆ ತಂದೆಯ ಹೆಸರಿಟ್ಟ ಶಾಹೂ ಮಹಾರಾಜರೇ ರಾಧಾನಗರಿಯಲ್ಲಿ ಭೋಗಾವತಿಗೆ ಅಣೆಕಟ್ಟೆ ಕಟ್ಟಿಸಲು ತೊಡಗಿದರು. ಅಲ್ಲಿನ ದಾಜೀಪುರದ ಕಾಡು ಸಂಸ್ಥಾನದ ಬೇಟೆಯ ಕಾಡಾಗಿದ್ದು, 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು.

ಕಾಡಿದ್ದರೆ ಮಹಾಪೂರವೇ ಬಾರದೆಂದು ನಾವು ಹೇಳಲಾರೆವು. ದಿನಗಟ್ಟಲೆ ಮಳೆ ಸುರಿದು ನೆಲ ನೀರುಂಡು ತುಂಬಿದ ಮೇಲೆ ಯಾವ ಕಾಡೂ ಅದನ್ನು ತಡೆಯದು. ಆದರೆ ಕಾಡು ಮಳೆಯ ಹೊಡೆತವನ್ನು ತಗ್ಗಿಸುತ್ತದೆ, ಮಣ್ಣು ಕೊಚ್ಚಿ ಅಣೆಕಟ್ಟೆಯ ಒಡಲು ಸೇರದಂತೆ ಹಿಡಿಯುತ್ತದೆ, ನೆಲಕ್ಕಿಳಿಸಿದ ನೀರನ್ನು ಮಳೆಗಾಲ ಕಳೆದ ಮೇಲೆ ಹಳ್ಳಗಳಿಗೆ ಮೆಲ್ಲನೆ ಬಿಟ್ಟುಕೊಡುತ್ತದೆ.

ಹವಾಮಾನ ಬದಲಾದಂತೆ ಕಾಡನ್ನು ಕಾಯುವ ರೀತಿಯೂ ಬದಲಾಗಬೇಕು. ಬೇಗ ಬೆಳೆಯುವ ಒಂದೇ ಜಾತಿಯ ಸಸಿಗಳನ್ನು ಸಾಲಾಗಿ ನೆಟ್ಟು ಲೆಕ್ಕ ಬರೆದರೆ ಸಾಲದು. ಒಂದು ರೋಗಕ್ಕೆ, ಒಂದು ಬರಕ್ಕೆ ಇಡೀ ತೋಪು ಸೋಲಬಹುದು. ಮತ್ತಿ, ನೇರಳೆ, ಅಳಲೆಗಳು ಕೂಡಿ ಬೆಳೆದಲ್ಲಿ ಒಂದು ಸೋತರೂ ಇನ್ನೊಂದು ಉಳಿದೀತು. ಹಿರಿಯರು ಕೊಡಲಿ ತಾಗಿಸದೆ ಉಳಿಸಿದ ದೇವರಕಾಡುಗಳೇ ಇವುಗಳ ಬೀಜದ ಕಣಜ. ನಾಟಿಯ ಕಾಲವನ್ನು ಸಮಾರಂಭದ ತಾರೀಖಿಗಲ್ಲ, ನೆಲದ ಹಸಿಗೆ ಹೊಂದಿಸಬೇಕು. ಬಿಸಿಲು ಬೇಗ ಏರಿದ ವರ್ಷ ಬೆಂಕಿರೇಖೆಗಳನ್ನೂ ಬೇಗ ತೆಗೆಯಬೇಕು.

ಬಯಲಿನವರಾದ ನಮ್ಮ ಪಾಲೂ ಇದೆ. ಹೊಳೆಯ ಅಂಚಿನವರೆಗೂ ಕಬ್ಬು ಹಚ್ಚಿದವರು ನಾವೇ. ದಂಡೆಯ ಒಂದಿಷ್ಟು ನೆಲವನ್ನು ಹೊಂಗೆ, ಅತ್ತಿ, ಹೊಳೆಮತ್ತಿಗಳಿಗೆ ಬಿಟ್ಟುಕೊಡುವುದು ರೈತನಿಗೆ ನಷ್ಟವೇ ಸರಿ. ಆದರೆ ಬೇರಿಲ್ಲದ ದಂಡೆಯನ್ನು ಹೊಳೆ ಕೇಳದೆಯೇ ಕೊಯ್ದೊಯ್ಯುತ್ತದೆ. ನಮ್ಮ ಮಕ್ಕಳು ಶಾಲೆಯಂಗಳದಲ್ಲಿ ದಿನದಿನದ ಮಳೆಯನ್ನು ಅಳೆದು ಬರೆದಿಡಲಿ. ಊರ ಮರಗಳ ಬೀಜಗಳನ್ನು ಕೂಡಿಸಿ ಸಸಿ ಮಾಡಲಿ.

ನೂರು ವರ್ಷಗಳ ಹಿಂದೆ ಈ ಶಾಲೆಯನ್ನು ಕಟ್ಟಿದ ಹಿರಿಯರು ಇಂದಿನ ಉತ್ಸವವನ್ನು ಕಾಣಲಿಲ್ಲ, ಆದರೂ ಕಟ್ಟಿದರು. ಕಾಡು ಬೆಳೆಸುವ ಕೆಲಸವೂ ಅಂಥದೇ. ಅದನ್ನು ಈ ಮಳೆಗಾಲದಲ್ಲೇ ತೊಡಗೋಣ.