ಡಿಪ್ಲೊಮಾ ಮುಗಿಯಿತು, ಮುಂದೆ ಡಿಗ್ರಿ?



"ಮಗ ಪಾಲಿಟೆಕ್ನಿಕ್ ಮುಗಿಸಿದ್ದಾನೆ. ಕೆಲಸಕ್ಕೆ ಕಳಿಸೋಣವೋ, ಇಂಜಿನಿಯರಿಂಗಿಗೆ ಸೇರಿಸೋಣವೋ?" ನಿಮ್ಮ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನಾನು ಓದಿದ್ದು ಕನ್ನಡ ಬಿ.ಎ. ಲ್ಯಾಪ್ಲಾಸ್ ಎಂದರೆ ಯಾವ ಊರಿನವರು ಎಂದು ಕೇಳುವ ಪೈಕಿ. ಆದರೂ ನಿಯಮಗಳನ್ನು ಓದಿ ಹೇಳಬಲ್ಲೆ, ಕೇಳಿ.

ಮೊದಲು ಲೆಕ್ಕ ಹಾಕೋಣ. ಹತ್ತನೆಯ ತರಗತಿಯ ನಂತರ ಹನ್ನೆರಡನೆಯದಕ್ಕೆ 2 ವರ್ಷ, ಬಿ.ಇ.ಗೆ 4 ವರ್ಷ, ಒಟ್ಟು 6. ಡಿಪ್ಲೊಮಾದ ದಾರಿಯಲ್ಲಿ 3 ವರ್ಷ, ಆಮೇಲೆ ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಿದರೆ ಇನ್ನು 3. ಅದೂ 6. ಅಂದರೆ ಡಿಪ್ಲೊಮಾ ಮಾಡಿದವನು ಹಿಂದೆ ಬಿದ್ದಿಲ್ಲ. ಮಧ್ಯದಲ್ಲಿ ಮನೆಯ ಪರಿಸ್ಥಿತಿ ಕೆಟ್ಟರೆ ಹೊಟ್ಟೆಪಾಡಿಗೊಂದು ಸರ್ಟಿಫಿಕೇಟು ಅವನ ಕೈಯಲ್ಲಿರುತ್ತದೆ. ಮದುವೆಮನೆಯಲ್ಲಿ ಸಿಕ್ಕ ನೆಂಟರು "ಬರೀ ಡಿಪ್ಲೊಮಾನಾ?" ಎಂದು ಕೇಳಿದರೆ ಈ ಲೆಕ್ಕ ಹೇಳಿ.

ಮಹಾರಾಷ್ಟ್ರದಲ್ಲಿ ಇದಕ್ಕೆ 'ನೇರ ದ್ವಿತೀಯ ವರ್ಷ' ಪ್ರವೇಶ ಎನ್ನುತ್ತಾರೆ. ಇದನ್ನು ನಡೆಸುವುದು ರಾಜ್ಯದ ಸಿಇಟಿ ಸೆಲ್. ಆದರೆ ಇದಕ್ಕೆ ಸಿಇಟಿ ಪರೀಕ್ಷೆ ಇಲ್ಲ, ಡಿಪ್ಲೊಮಾದ ಅಂಕಗಳ ಮೇಲೆಯೇ ಯಾದಿ. ಸಾಮಾನ್ಯವಾಗಿ ಕನಿಷ್ಠ ಶೇಕಡಾ 45 ಬೇಕು, ಮೀಸಲು ವರ್ಗಕ್ಕೆ 40. ಒಳ್ಳೆಯ ಕಾಲೇಜು ಬೇಕೆಂದರೆ ಅದರ ಎಷ್ಟೋ ಮೇಲೆ ಇರಬೇಕು, ಅದು ಬೇರೆ ಮಾತು. ಕರ್ನಾಟಕದಲ್ಲಿ ಹಾಗಲ್ಲ. ಅಲ್ಲಿ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆಯಬೇಕು, ಅದಕ್ಕೆ ಅದರದೇ ಅರ್ಹತೆಯ ಷರತ್ತುಗಳಿವೆ.

ನಮ್ಮವರು ಎಡವುವುದು ಕಾಗದಪತ್ರದಲ್ಲಿ. ಊರಿನ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರವನ್ನು ಹಿಡಿದುಕೊಂಡು ಹೋದರೆ ಇಲ್ಲಿ ಮೀಸಲಾತಿ ಸಿಗುವುದಿಲ್ಲ. ವಲಸೆ ಬಂದವರಿಗೆ ಮೀಸಲಾತಿ ಮೂಲ ರಾಜ್ಯದಲ್ಲಿ ಎಂಬುದು ನಿಯಮ. ಹಿಂದುಳಿದ ವರ್ಗದವರಾದರೆ, ನಿಮ್ಮ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿರಬೇಕು. ಜೊತೆಗೆ 1967ಕ್ಕೆ ಮೊದಲೇ ಮನೆತನ ಇಲ್ಲಿ ನೆಲೆಸಿತ್ತು ಎಂಬ ದಾಖಲೆ ಕೇಳುತ್ತಾರೆ. ಅಜ್ಜ ಮಿಲ್ಲಿನಲ್ಲಿದ್ದರೇ, ಹೋಟೆಲಿನಲ್ಲಿದ್ದರೇ? ಅವರ ಶಾಲೆಯ ದಾಖಲೆ, ಹಳೆಯ ಬಾಡಿಗೆ ಚೀಟಿ, ಯಾವುದಿದ್ದರೂ ಟ್ರಂಕಿನಿಂದ ಈಗಲೇ ತೆಗೆದಿಡಿ. ಫಲಿತಾಂಶ ಬಂದ ಮೇಲೆ ಹುಡುಕಲು ಕೂತರೆ ಪ್ರವೇಶದ ಸುತ್ತುಗಳು ಮುಗಿದೇ ಹೋಗುತ್ತವೆ.

ಇನ್ನು ಓದಿನ ವಿಷಯ. ಹನ್ನೆರಡನೆಯದು ಮುಗಿಸಿ ಬಂದವರು ಮೊದಲ ವರ್ಷದಲ್ಲೇ ಮಾಡಿದ ಗಣಿತ ಡಿಪ್ಲೊಮಾದವರಿಗೆ ಅಷ್ಟು ಆಳವಾಗಿ ಆಗಿರುವುದಿಲ್ಲ. ಮೂರನೆಯ ಸೆಮಿಸ್ಟರಿನಲ್ಲಿ ಫೂರಿಯರ್, ಲ್ಯಾಪ್ಲಾಸ್ ಒಟ್ಟಿಗೆ ಬಂದು ಎದುರು ನಿಲ್ಲುತ್ತವೆ. ಬೆಳಗಾವಿಯ ವಿಟಿಯು ಇಂಥವರಿಗಾಗಿಯೇ ಹೆಚ್ಚುವರಿ ಗಣಿತ ಪತ್ರಿಕೆ ಇಟ್ಟಿತು. ಕಾರ್ಯಾಗಾರದಲ್ಲಿ, ಯಂತ್ರದ ಮುಂದೆ ನಮ್ಮ ಹುಡುಗನೇ ಮುಂದು, ಕಾಗದದ ಮೇಲೆ ಹಿಂದು. ಆದ್ದರಿಂದ ಪ್ರವೇಶಕ್ಕೆ ಕಾಯುವ ದಿನಗಳಲ್ಲಿ ಹನ್ನೆರಡನೆಯ ತರಗತಿಯ ಕಲನಶಾಸ್ತ್ರವನ್ನು ಒಮ್ಮೆ ತಿರುವಿಹಾಕಲಿ. ತಂಗಿಯ ಪುಸ್ತಕವಾದರೂ ನಡೆದೀತು.

ಕೆಲಸ ಬಿಡಲಾಗದವರ ಗತಿ? ನಿಮ್ಮಲ್ಲಿ ಹಿರಿಯರಿಗೆ ಎಎಂಐಇ ನೆನಪಿರಬೇಕು. ಹಗಲು ಕಾರ್ಖಾನೆ, ರಾತ್ರಿ ಓದು, ಎ ಸೆಕ್ಷನ್, ಬಿ ಸೆಕ್ಷನ್ ಎಂದು ವರ್ಷಗಟ್ಟಲೆ ಬರೆದು ಇಂಜಿನಿಯರಾದವರು ಎಷ್ಟೋ ಮಂದಿ. ಆ ಬಾಗಿಲು ಈಗ ಮುಚ್ಚಿದ ಹಾಗೆಯೇ. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಸರ್ಕಾರ ಅದನ್ನು ಪದವಿಗೆ ಸಮಾನವೆಂದು ಮಾನ್ಯ ಮಾಡುತ್ತಿಲ್ಲ. ಬದಲಿಗೆ ಎಐಸಿಟಿಇ 2023ರಿಂದ ಕೆಲಸದಲ್ಲಿರುವವರಿಗಾಗಿ ಅನುಕೂಲದ ವೇಳೆಯ ತರಗತಿ ನಡೆಸಲು ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ನಿಮಗೆ ಹತ್ತಿರದ ಕಾಲೇಜಿಗೆ ಆ ಅನುಮತಿ ಇದೆಯೇ ಎಂದು ವಿಚಾರಿಸಿ.

ಲೋಕಲ್ ಟ್ರೇನಿನ ಡಬ್ಬಿಯಲ್ಲಿ ಅಂಟಿಸಿರುತ್ತಾರಲ್ಲ, "ಮನೆಯಲ್ಲೇ ಕುಳಿತು ಒಂದೇ ವರ್ಷದಲ್ಲಿ ಬಿ.ಟೆಕ್" ಎಂಬ ಚೀಟಿ? ಅದನ್ನು ನಂಬಿ ಹಣ ಕಟ್ಟಬೇಡಿ. ಎಐಸಿಟಿಇ ಒಪ್ಪಿಗೆ ಇಲ್ಲದೆ ಅಂಚೆ ಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗಳ ವಿರುದ್ಧ ಸುಪ್ರೀಂ ಕೋರ್ಟು 2017ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಆ ಪದವಿ ತೋರಿಸಿ ಬಡ್ತಿ ಪಡೆದಿದ್ದವರೂ ಆಗ ತೊಂದರೆಗೆ ಸಿಕ್ಕಿದರು.

ಮಗಳು ಡಿಪ್ಲೊಮಾ ಮುಗಿಸಿದ್ದರೂ ಇದೇ ನಿಯಮ, ಇದೇ ಲೆಕ್ಕ. ಪತ್ರಗಳಲ್ಲಿ ಮಗನ ಬಗ್ಗೆಯೇ ಕೇಳಿದ್ದೀರಿ, ಅದಕ್ಕೆ ಹೇಳಿದೆ. ಈಗ ಹಾಡಿನ ಸಮಯ.